ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್ ಹಕ್ಕಿ) ಇರೋ ಗುಡ್ಡದಲ್ಲಿ ಗಿಡ ನೆಡಬಹುದಾ?

ವಿಜಯನಗರದವ:
ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಬೆಳಿಗ್ಗೆ ಮಾಗಡಿ ಕಡೆ ಒಂದು ಬಂಡೆ ಗುಡ್ಡ ಹತ್ತಿದ್ವಿ, ಬಂಡೆ ಸಂದೀಲಿ ಬೆಳೆದಿದ್ದ ಅತ್ತಿ ಜಾತಿ ಮರದಲ್ಲಿ ಹಣ್ಣು ತಿಂತಾ ಒಂದು ಹಕ್ಕಿ ಕೂತಿತ್ತು, ತಲೆ ಕೊರಳು ಪೂರ್ತಿ ಹಳದಿ, ಎದೆ ಬೂದು, ಜುಟ್ಟಿಲ್ಲ, ನೋಡ್ತಿದ್ದಂಗೇ ಬಂಡೆ ಹಿಂದೆ ಹೋಗ್ಬಿಡ್ತು. ಹಳದಿ ಕೊರಳಿನ ಪಿಕಳಾರನೇ ಅಲ್ವಾ? ಇನ್ನೊಂದು ವಿಷ್ಯ. ಅದೇ ಗುಡ್ಡದ ಇಳಿಜಾರಲ್ಲಿ ಮಳೆಗಾಲಕ್ಕೆ ನಮ್ ಆಫೀಸಿಂದ 500 ಗಿಡ ನೆಡ್ತಾರಂತೆ, ಹೊಂಗೆ ಬೇವು ಎಲ್ಲಾ. ನಾನೂ ಹೆಸ್ರು ಕೊಟ್ಟಿದ್ದೆ, ಹಕ್ಕಿ ನೋಡಿದ್ಮೇಲೆ ಯಾಕೋ ಮನಸ್ಸು ಒಪ್ತಿಲ್ಲ.

ಕುರುಚಲು ಕಾಡು:
ನೀವು ಹೇಳಿರೋ ಲಕ್ಷಣ ನೋಡಿದ್ರೆ ಅದೇ. ಬಿಳಿ ಹುಬ್ಬಿನ ಪಿಕಳಾರನೂ ಇಂಥ ಪೊದೇಲೇ ಇರುತ್ತೆ, ಬಾಲದ ಬುಡದಲ್ಲಿ ಅದಕ್ಕೂ ಹಳದಿ ಇರೋದ್ರಿಂದ ಸುಮಾರು ಜನ ಮೋಸ ಹೋಗ್ತಾರೆ, ಆದ್ರೆ ಅದ್ರ ತಲೆ ಹಳದಿ ಇರಲ್ಲ. ನೀವು ನೋಡಿದ ಹಕ್ಕಿ ದಕ್ಷಿಣ ಭಾರತ ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಂದಿ ಬೆಟ್ಟ, ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲಿ ಕಾಣ್ಸುತ್ತೆ, ಎಲ್ಲಾ ಬೆಂಗಳೂರಿಂದ ಒಂದೆರಡು ಗಂಟೆ ದಾರಿ. ಅಳಿವಿನ ಅಪಾಯ ಇರೋ ಪಟ್ಟಿಯಲ್ಲಿದೆ.

ಗಿಡ ದಯವಿಟ್ಟು ಅಲ್ಲಿ ನೆಡಬೇಡಿ. ಬಂಡೆ, ಮಧ್ಯೆ ಮಧ್ಯೆ ಕಾರೆ, ಬಂದರಿಕೆ, ತಂಗಡಿ ಪೊದೆ, ಸಂದೀಲಿ ಕಲ್ಲತ್ತಿ, ಹಿಂಗೆ ಬಿಡಿಬಿಡಿಯಾಗಿರೋದೇ ಅದ್ರ ಮನೆ, ಹಣ್ಣು ಹುಳ ಎಲ್ಲಾ ಅಲ್ಲೇ ಸಿಗುತ್ತೆ. ನಾವು ಅದನ್ನ ಬೋಳು ಗುಡ್ಡ ಅಂತೀವಿ, ಗುಂಡಿ ತೋಡೋಕೆ ಮೊದ್ಲು ಆ ಪೊದೆನೇ ಸವರ್ತೀವಿ. ಹಿಂದೆ ಎಷ್ಟೋ ಕಡೆ ನೀಲಗಿರಿ ಹಾಕಿದ್ದೂ ಹಿಂಗೇ ಪಾಳು ಜಮೀನು ಅಂದ್ಕೊಂಡು.

ರಾಮನಗರ ಹುಡುಗ:
ನಮ್ಮೂರಿನ ಹತ್ರ ಇಂಥದ್ದೇ ಗುಡ್ಡ ಇತ್ತು ಸರ್. ಈಗ ಅರ್ಧ ಕ್ವಾರಿಗೆ ಹೋಗಿದೆ, ಕಲ್ಲು ಒಂದ್ಸಲ ಎದ್ರೆ ಮುಗೀತು, ಗಿಡ ಆದ್ರೆ ಇನ್ನೊಂದು ನೆಡಬಹುದು, ಬಂಡೆ ನೆಡಕ್ಕಾಗುತ್ತಾ. ಬೇಸಿಗೇಲಿ ಯಾರೋ ಹುಲ್ಲಿಗೆ ಬೆಂಕಿ ಬೇರೆ ಹಚ್ತಾರೆ. ನಿಮ್ ಆಫೀಸಿನೋರಿಗೆ ಏನಾದ್ರೂ ಮಾಡ್ಲೇಬೇಕು ಅಂತಿದ್ರೆ ಬೆಂಕಿ ಬೀಳದಂಗೆ ನೋಡ್ಕೊಳ್ಳೋಕೆ ಊರಿನವ್ರನ್ನ, ಅರಣ್ಯ ಇಲಾಖೆಯವ್ರನ್ನ ಕೇಳಿ, ಅದು ಉಪಯೋಗ. ಆಮೇಲೆ ಗುಡ್ಡದ ಹೆಸ್ರು ಎಲ್ಲೂ ಹಾಕ್ಬೇಡಿ, ಹಾಕಿದ್ರೆ ಮುಂದಿನ ವಾರನೇ ಮೊಬೈಲಲ್ಲಿ ಆ ಹಕ್ಕಿ ಕೂಗು ಹಾಕ್ಕೊಂಡು ಜನ ಬರ್ತಾರೆ. ಗೂಡು ಕಟ್ಟೋ ಟೈಮಲ್ಲಿ ಆ ಕೂಗು ಕೇಳಿ ಹಕ್ಕಿ ಗೂಡು ಬಿಟ್ಟು ಬರುತ್ತೆ ಪಾಪ.

ವಿಜಯನಗರದವ:
ತುಂಬಾ ಥ್ಯಾಂಕ್ಸ್. ಬೇರೆ ಗ್ರೂಪಲ್ಲಿ ಗುಡ್ಡದ ಹೆಸ್ರು ಹಾಕಿದ್ದೆ, ಈಗ್ಲೇ ತೆಗೆದೆ. ನಾಳೆ ಮೀಟಿಂಗ್‌ನಲ್ಲಿ ಇದನ್ನೆಲ್ಲಾ ಹೇಳ್ತೀನಿ, ಹೊಂಗೆ ಬೇವು ನಮ್ ಲೇಔಟ್ ರಸ್ತೆ ಪಕ್ಕ ಹಾಕೋಣ, ಅಲ್ಲಿ ನೆರಳೇ ಇಲ್ಲ. ಒಪ್ಪಲಿಲ್ಲ ಅಂದ್ರೂ ನಾನಂತೂ ಆ ಗುಡ್ಡದಲ್ಲಿ ಗುಂಡಿ ತೋಡಲ್ಲ.