ಚೆಕ್ ಬೌನ್ಸ್ ಆಗಿ 22 ದಿನ: ಇಷ್ಟಕ್ಕೂ ವಕೀಲರ ಹತ್ತಿರ ಹೋಗಬೇಕಾ?

ಮಲ್ಲಿಗೆಬಳ್ಳಿ:
ಜೊತೆಗೆ ಕೆಲಸ ಮಾಡುವವರೊಬ್ಬರಿಗೆ ಕೈಸಾಲ ಕೊಟ್ಟಿದ್ದೆ. ಅವರು ಬರೆದುಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂತು. ಬ್ಯಾಂಕಿನ ಮೆಮೊ ಕೈಗೆ ಬಂದು ಇವತ್ತಿಗೆ 22 ದಿನ. "ಮುಂದಿನ ತಿಂಗಳು ಖಂಡಿತ ಕೊಡ್ತೀನಿ, ಲಾಯರು ಗೀಯರು ಅಂತ ಹೋಗಬೇಡಿ" ಅಂತಿದ್ದಾರೆ. ನಮ್ಮ ಭಾವ ಮಾತ್ರ ಇವತ್ತೇ ವಕೀಲರನ್ನು ನೋಡು ಅಂತಾರೆ. ಇಂಥ ಸಣ್ಣಪುಟ್ಟದಕ್ಕೆಲ್ಲ ವಕೀಲರು ಬೇಕಾ? ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ? ತಿಳಿದವರು ಹೇಳಿ.

ಪತ್ರಬರಹಗಾರ:
ಬೇಡಮ್ಮ. ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಕೋರ್ಟಿನ ಬಗ್ಗೆ ಸುಮ್ಮನೆ ಹೇಳಿಲ್ಲ. ಇಪ್ಪತ್ತು ವರ್ಷದಿಂದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಕ್ರಯಪತ್ರ, 11 ತಿಂಗಳ ಬಾಡಿಗೆ ಕರಾರು, ಉಯಿಲು ಎಲ್ಲಾ ಬರೆದಿದ್ದೀನಿ. ಒಂದಕ್ಕೂ ವಕೀಲರ ಮುಖ ನೋಡಿಲ್ಲ. ಅವರು ಮುಂದಿನ ತಿಂಗಳು ಅಂದ್ರೆ ಕಾಯಿರಿ, ಅಷ್ಟೇ.

ಕರಿಕೋಟು:
ದಯವಿಟ್ಟು ಕಾಯಬೇಡಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ಅವರ ಕೈಸೇರಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ದೂರು. "ಮುಂದಿನ ತಿಂಗಳು" ಅನ್ನುವವರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ. ನಿಮಗೆ ಉಳಿದಿರುವುದು 8 ದಿನ. ವಾಯಿದೆ ಓಡುತ್ತಿದ್ದರೆ, ಇಲ್ಲವೇ ಅರ್ಥವಾಗದ ಕಾಗದಕ್ಕೆ ಸಹಿ ಕೇಳುತ್ತಿದ್ದರೆ, ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ಕೇಳಿದ ಮಾತ್ರಕ್ಕೆ ಕೇಸು ಹಾಕಲೇಬೇಕು ಅಂತಿಲ್ಲ.

ನಿವೃತ್ತ ಗುಮಾಸ್ತ:
"ಕೇಳಿಯೇ ಹೆಜ್ಜೆ ಇಡಿ"? ನೋಟಿಸನ್ನು ವಕೀಲರೇ ಕೊಡಬೇಕೆಂದು 138ರಲ್ಲಿ ಎಲ್ಲಿದೆ, ತೋರಿಸಿ. ಹಣ ಬರಬೇಕಾದವರೇ ಬಿಳಿ ಹಾಳೆಯಲ್ಲಿ ಬರೆದು ಕಳಿಸಬಹುದು. ಗ್ರಾಹಕ ಆಯೋಗದಲ್ಲೂ ನಮ್ಮ ದೂರು ನಾವೇ ವಾದಿಸಬಹುದು. ನಾನು ವಾದಿಸಿ ಗೆದ್ದಿದ್ದೇನೆ.

ಸುಮಾ_ಎಚ್:
ನಿಮ್ಮ ಗೆಲುವು ಆಮೇಲೆ. ಪತ್ರಬರಹಗಾರರ "ಉಯಿಲು ಎಲ್ಲಾ ಬರೆದಿದ್ದೀನಿ" ಓದಿ ನನಗೆ ಎದೆ ಧಸಕ್ಕೆಂದಿತು. ನಮ್ಮ ದೊಡ್ಡಪ್ಪನ ಉಯಿಲೂ ಹೀಗೇ ಬರೆಸಿದ್ದು. ಆಸ್ತಿ ಯಾರಿಗೋ ಆ ಮಗನೇ ಸಾಕ್ಷಿ! ಒಂಬತ್ತು ವರ್ಷದಿಂದ ಕೋರ್ಟಿಗೆ ಅಲೆದಾಟ.

ಪತ್ರಬರಹಗಾರ:
ಇಬ್ಬರು ಸಾಕ್ಷಿ ಬೇಕು ಅಂತ ಕಾನೂನು ಹೇಳುತ್ತೆ. ಮಗ ಆಗಬಾರದು ಅಂತ ಎಲ್ಲಿ ಹೇಳುತ್ತೆ?

ಸುಮಾ_ಎಚ್:
1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಕಲಂ 67. ಸಾಕ್ಷಿ ಹಾಕಿದವನಿಗಾಗಲೀ ಅವನ ಹೆಂಡತಿಗಾಗಲೀ ಬರೆದದ್ದು ಅಸಿಂಧು. ಇಪ್ಪತ್ತು ವರ್ಷ ಬರೆದವರಿಗೆ ಇದು ಗೊತ್ತಿಲ್ವಾ?

ನಿವೃತ್ತ ಗುಮಾಸ್ತ:
ಅರ್ಧ ಓದಿಕೊಂಡು ಬಂದಿದ್ದೀರಿ. ಅದೇ ಕಾಯ್ದೆಯ ಕಲಂ 57 ಮತ್ತು ಮೂರನೇ ಅನುಸೂಚಿ ನೋಡಿ. ಹಿಂದೂಗಳ ಉಯಿಲಿಗೆ ಯಾವ ಯಾವ ಕಲಂ ಅನ್ವಯ ಎಂಬ ಪಟ್ಟಿ ಅಲ್ಲಿದೆ. 63 ಇದೆ, 64 ಇದೆ, 68 ಇದೆ. 67 ಇಲ್ಲ. ಉಯಿಲಿನಿಂದ ಲಾಭವಿದೆ ಎಂಬ ಕಾರಣಕ್ಕೇ ಸಾಕ್ಷಿ ಅನರ್ಹನಾಗುವುದಿಲ್ಲ ಎನ್ನುವುದು ಆ 68.

ಪತ್ರಬರಹಗಾರ:
ನೋಡಿದ್ರಾ!!

ಸುಮಾ_ಎಚ್:
ಏನು ನೋಡೋದು? ಕ್ರೈಸ್ತರಿಗೆ, ಪಾರ್ಸಿಗಳಿಗೆ 67 ಅನ್ವಯಿಸುತ್ತೆ ತಾನೆ? ನಿಮ್ಮ ಎದುರು ಬಂದು ಕೂತವರ ಧರ್ಮ ಕೇಳಿಕೊಂಡು ಬರೀತಿದ್ರಾ?

ಪತ್ರಬರಹಗಾರ:
ಧರ್ಮದ ಮಾತು ಯಾಕೆ ತಂದ್ರಿ? ನನ್ನ ಅನ್ನದ ಮೇಲೆ ಕಲ್ಲು ಹಾಕಬೇಡಿ.

ಕರಿಕೋಟು:
67 ಅನ್ವಯಿಸದೇ ಇದ್ದರೂ ತಲೆನೋವು ತಪ್ಪುವುದಿಲ್ಲ. ಆಸ್ತಿ ಪಡೆಯುವವನೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಕೋರ್ಟು ಅದನ್ನು ಸಂಶಯದ ಸಂದರ್ಭ ಎಂದು ನೋಡುತ್ತದೆ. ಆ ಸಂಶಯ ನಿವಾರಿಸುವ ಹೊಣೆ ಅವನದೇ. 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಮೊಕದ್ದಮೆಯಿಂದ ಇದೇ ಮಾತು ನಡೆದುಬಂದಿದೆ. ಹೊರಗಿನ ಇಬ್ಬರನ್ನು ಸಾಕ್ಷಿ ಹಾಕಿಸಿ ಎಂದು ಹೇಳಲು ಯಾವ ವಕೀಲರಿಗೂ ಹತ್ತು ನಿಮಿಷ ಸಾಕಿತ್ತು. ನೀವು ಎರಡು ದಿನದಿಂದ ಕಚ್ಚಾಡುತ್ತಿದ್ದೀರಿ.

ನಿವೃತ್ತ ಗುಮಾಸ್ತ:
"ಎರಡು ದಿನ" ಅಲ್ಲ. ನಿನ್ನೆ ಸಂಜೆಯಿಂದ.

ಬಿಡುವಿದ್ದವ:
ಮಲ್ಲಿಗೆಬಳ್ಳಿಯವರೇ, ಇವರ ಗಲಾಟೆಯಲ್ಲಿ ನೀವು ಕಳೆದುಹೋದ್ರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿ.

ಪತ್ರಬರಹಗಾರ:
"ಉಚಿತ" ಬೇಕು ಅಂದ್ರೆ ಇಲ್ಲೇ ಸಿಗ್ತಿದೆಯಲ್ಲ ಸ್ವಾಮಿ!

ಮಲ್ಲಿಗೆಬಳ್ಳಿ:
ಎಲ್ಲರಿಗೂ ಧನ್ಯವಾದ. ಇವತ್ತಿಗೆ 27ನೇ ದಿನ. ಗುಮಾಸ್ತರು ಹೇಳಿದ ಹಾಗೆ ನಾನೇ ನೋಟಿಸ್ ಬರೆದು ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿದೆ. ಅಸಲು, ಬಡ್ಡಿ, ಓಡಾಡಿದ ಖರ್ಚು ಎಲ್ಲಾ ಕೂಡಿಸಿ ಒಟ್ಟು ಮೊತ್ತ ಕೇಳಿದ್ದೇನೆ. ಬಿಡಬಾರದಲ್ವಾ.

ಕರಿಕೋಟು:
ಕೂಡಿಸಿ ಅಂದರೆ? ಚೆಕ್ಕಿನ ಮೊತ್ತವನ್ನು ಬೇರೆಯಾಗಿ ಬರೆದಿಲ್ಲವೇ? ಆ ಮೊತ್ತ ಇಷ್ಟು ಎಂದು ಸ್ಪಷ್ಟವಾಗಿ ಕೇಳದೆ ಎಲ್ಲವನ್ನೂ ಒಟ್ಟು ಹಾಕಿದ್ದರೆ ನೋಟಿಸೇ ಬಿದ್ದುಹೋಗುತ್ತದೆ. ಇನ್ನೂ 3 ದಿನ ಇದೆ. ಸರಿಪಡಿಸಿ ಇನ್ನೊಂದು ಕಳಿಸಿ, ಈ ಸಲವಾದರೂ ಯಾರಿಗಾದರೂ ತೋರಿಸಿ.

ನಿವೃತ್ತ ಗುಮಾಸ್ತ:
ಬರೆಯಬಹುದು ಎಂದೆನೇ ಹೊರತು ಬಡ್ಡಿ ಕೂಡಿಸಿ ಎಂದು ನಾನು ಹೇಳಿಲ್ಲ, ಮೇಲೆ ಹೋಗಿ ಓದಿ. ಅಲ್ಲದೆ ಗಾಬರಿಯಾಗುವಂಥದ್ದು ಏನಿದೆ? ಚೆಕ್ಕಿಗೆ ಮೂರು ತಿಂಗಳ ಆಯುಸ್ಸು. ಮತ್ತೆ ಬ್ಯಾಂಕಿಗೆ ಹಾಕಿದರೆ ಹೊಸ ಮೆಮೊ, ಹೊಸ 30 ದಿನ.

ಸುಮಾ_ಎಚ್:
ಚೆಕ್ಕಿನ ಮೇಲಿನ ತಾರೀಖು ಯಾವುದು ಅಂತ ಕೇಳಿದ್ರಾ ಮೊದಲು?

ಮಲ್ಲಿಗೆಬಳ್ಳಿ:
ಈಗ ತೆಗೆದು ನೋಡಿದೆ. ಮೂರು ತಿಂಗಳು ಮೊನ್ನೆಯೇ ಮುಗಿದಿದೆ. ಭಾವನಿಗೆ ಫೋನ್ ಮಾಡಿದ್ದೀನಿ, ಸಂಜೆ ಅವರಿಗೆ ಗೊತ್ತಿರೋ ವಕೀಲರ ಹತ್ತಿರ ಕರೆದುಕೊಂಡು ಹೋಗ್ತಾರಂತೆ.

ಪತ್ರಬರಹಗಾರ:
ಸುಮಾ ಅವರೇ, ಆ 68ಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ಅದಿರಲಿ, ನಿಮ್ಮ ದೊಡ್ಡಪ್ಪನವರ ಉಯಿಲು ಬರೆದದ್ದು ಯಾರು? ನಾನಲ್ಲ ತಾನೆ?