ದಡಾರ ಪತ್ತೆಗೆ ರಕ್ತವೇ ಬೇಕಾ? ಸೂಜಿ ಇಲ್ಲದೆ ಆಗಲ್ವಾ?

ಆಶಾ ಕಾರ್ಯಕರ್ತೆ, ಸಿದ್ದಾಪುರ ಹತ್ತಿರ:
ಕಾಫಿ ಕೊಯ್ಲು ಜೋರಾಗಿದೆ. ನಾನು ನೋಡುವ ತೋಟದ ಲೈನ್ ಮನೆಗಳಲ್ಲಿ ಒಂಬತ್ತು ಮಕ್ಕಳಿಗೆ ಜ್ವರ, ಕೆಮ್ಮು, ಕೆಂಗಣ್ಣು. ಕಿವಿ ಹಿಂದೆ ಶುರುವಾದ ದದ್ದು ಹೊಟ್ಟೆವರೆಗೆ ಇಳಿದಿದೆ. ಪಿಎಚ್‌ಸಿಗೆ ತಿಳಿಸಿದ್ದೇನೆ, ನಾಳೆ ರಕ್ತ ತೆಗೆಯಲು ಬರುತ್ತಾರೆ.

ನನಗೆ ಭಯ ಇರುವುದು ಅಲ್ಲೇ. ಹೋದ ವರ್ಷ ಒಂದು ಕಡೆ ಎರಡು ವರ್ಷದ ಮಗುವಿಗೆ ನರ ಸಿಗದೆ ಮೂರು ಸಲ ಚುಚ್ಚಿದರು. ಮಗುವಿನ ಕೈ ಹಿಡಿದಿದ್ದವಳು ನಾನು. ಆಮೇಲೆ ಆ ತಾಯಿ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲಸಿಕೆಗೂ ಬರಲಿಲ್ಲ. ಈ ಸಲ ಇರುವವರು ಅಸ್ಸಾಮಿನವರು, ನನ್ನ ಮಾತು ಅವರಿಗೆ ಅರ್ಧ ಮಾತ್ರ ತಿಳಿಯುತ್ತದೆ. ಬಾಯಿಂದ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆದರೂ ದಡಾರ ಗೊತ್ತಾಗುತ್ತದಂತೆ. ನಿಜವಾ?

ಲ್ಯಾಬ್ ಟೆಕ್ನಿಷಿಯನ್, ಮಡಿಕೇರಿ:
ನಿಜ ಅಕ್ಕ. ಇಂಗ್ಲೆಂಡಿನಲ್ಲಿ 1994ರಿಂದ ಹಾಗೆ ಮಾಡುತ್ತಿದ್ದಾರೆ. ಸ್ಪಂಜಿನ ಕಡ್ಡಿಯಿಂದ ಒಸಡನ್ನು ಸುಮಾರು ಒಂದು ನಿಮಿಷ, ಹಲ್ಲುಜ್ಜಿದ ಹಾಗೆ ಉಜ್ಜುತ್ತಾರೆ. ಬೇಕಿರುವುದು ಬರೀ ಎಂಜಲಲ್ಲ, ಒಸಡಿನ ಅಂಚಿನಲ್ಲಿ ಒಸರುವ ನೀರು. ಸೋಂಕು ತಗುಲಿದ ಹೊಸದರಲ್ಲಿ ದೇಹ ತಯಾರಿಸುವ ಐಜಿಎಂ ಅನ್ನುವ ಪ್ರತಿಕಾಯವನ್ನೇ ರಕ್ತದಲ್ಲಿ ಹುಡುಕುವುದು. ಅದು ಈ ನೀರಿನಲ್ಲೂ ಸ್ವಲ್ಪ ಇರುತ್ತದೆ.

ಆದರೆ ನಮ್ಮಲ್ಲಿ ಮಾಮೂಲಾಗಿ ಕೇಳುವುದು ರಕ್ತ, ಜೊತೆಗೆ ಗಂಟಲ ಸ್ವಾಬ್, ಅಂದರೆ ಹತ್ತಿಯಂಥ ತುದಿಯ ಕಡ್ಡಿಯಿಂದ ಗಂಟಲು ಒರೆಸಿ ತೆಗೆಯುವ ಸ್ಯಾಂಪಲ್. ತಾಯಿ ಸೂಜಿ ಬೇಡವೇ ಬೇಡ ಅಂದರೆ ಸ್ವಾಬನ್ನಾದರೂ ಬಿಡಬೇಡಿ ಅಂತ ಬರುವವರಿಗೆ ಹೇಳಿ. ದದ್ದು ಎದ್ದ ಮೊದಲ ಮೂರು ದಿನ ರಕ್ತದಲ್ಲಿ ಐಜಿಎಂ ಕಾಣದೇ ಇರಬಹುದು. ಆಗ ಗಂಟಲಲ್ಲಿ ವೈರಸ್ ಸಿಗುವ ಸಾಧ್ಯತೆ ಜಾಸ್ತಿ. ಸ್ವಾಬನ್ನು ದದ್ದು ಎದ್ದ ಐದು ದಿನದೊಳಗೆ ತೆಗೆದರೆ ಒಳ್ಳೆಯದು. 2ರಿಂದ 8 ಡಿಗ್ರಿ ತಣ್ಣಗೆ ಇಟ್ಟು ಕಳಿಸಬೇಕು. ನೆಗೆಟಿವ್ ಬಂತು ಅಂತ ದಡಾರ ಅಲ್ಲ ಅಂದುಕೊಳ್ಳಬೇಡಿ.

ನಿವೃತ್ತ ನರ್ಸ್, ವಿರಾಜಪೇಟೆ:
ಒಂಬತ್ತು ಮಕ್ಕಳಿಗೂ ಚುಚ್ಚಬೇಕಾಗಿ ಬರಲಿಕ್ಕಿಲ್ಲಮ್ಮ. ಐದಾರು ಮಕ್ಕಳಲ್ಲಿ ಖಚಿತವಾದರೆ, ಅದೇ ಲೈನಿನ ಉಳಿದವರನ್ನು ಒಡನಾಟ ನೋಡಿ ಲೆಕ್ಕಕ್ಕೆ ಸೇರಿಸುತ್ತಾರೆ. ಇದನ್ನೇ ತಾಯಂದಿರಿಗೆ ಮೊದಲು ಹೇಳು. ವಿಟಮಿನ್ ಎಗೆ ರಿಪೋರ್ಟ್ ಕಾಯುವುದು ಬೇಡ, ಎರಡು ದಿನ ಸಾಲಾಗಿ ಕೊಡಿಸು. ದದ್ದು ಎದ್ದ ಮೇಲೆ ನಾಲ್ಕು ದಿನ ಬೇರೆ ಮಕ್ಕಳ ಜೊತೆ ಬಿಡಬೇಡಿ.

ಆಶಾ ಕಾರ್ಯಕರ್ತೆ, ಸಿದ್ದಾಪುರ ಹತ್ತಿರ:
ತುಂಬಾ ಉಪಕಾರ ಆಯ್ತು. ಕನ್ನಡ ಬರುವ ಅಲ್ಲಿಯದೇ ಒಬ್ಬಳು ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಐದು ಮಕ್ಕಳ ರಕ್ತ ಸಿಕ್ಕಿತು. ಆರನೆಯ ತಾಯಿ ಕೈ ಮುಟ್ಟಲು ಬಿಡಲಿಲ್ಲ. ಸ್ವಾಬ್ ಕಡ್ಡಿ ತೋರಿಸಿ ವಿವರಿಸಿದ ಮೇಲೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ತಾನೇ ಮೊಬೈಲ್ ಟಾರ್ಚ್ ಹಿಡಿದಳು.