ಅಪ್‌ಡೇಟ್: ಪಿಎಚ್‌ಡಿಗೆ ಮಾಂಡ್ರಿಯಾನ್ ಒಬ್ಬನೇ

ಯುರೋಪಿನ ಅಮೂರ್ತ ಚಿತ್ರಕಲೆ ಮತ್ತು ಧರ್ಮಚಿಂತನೆ ಬಗ್ಗೆ ಪಿಎಚ್‌ಡಿ ಮಾಡಲು ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ, ಡಚ್ ಚಿತ್ರಕಾರ ಮಾಂಡ್ರಿಯಾನ್ ಇಬ್ಬರೂ ಬೇಕಾ, ಒಬ್ಬ ಸಾಕಾ ಅಂತ ಕೇಳಿದ್ದೆ. ಒಬ್ಬ ಸಾಕು ಅಂದವರಿಗೆಲ್ಲ ಥ್ಯಾಂಕ್ಸ್. ಮಾಂಡ್ರಿಯಾನ್ ವಿಷಯಕ್ಕೆ ಗೈಡ್ ಒಪ್ಪಿದರು.

ಕಟ್ಟಾ ಕ್ಯಾಲ್ವಿನಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ಮನೆಯಲ್ಲಿ ಬೆಳೆದ ಮಾಂಡ್ರಿಯಾನ್ 1909ರಲ್ಲಿ ಡಚ್ ಥಿಯಾಸಫಿಕಲ್ ಸೊಸೈಟಿ ಸೇರಿದ. ಎಲ್ಲ ಧರ್ಮಗಳ ಮೂಲ ಸತ್ಯ ಒಂದೇ, ಆತ್ಮ ಹಂತ ಹಂತವಾಗಿ ವಿಕಾಸವಾಗಿ ಎಚ್ಚರಗೊಳ್ಳುತ್ತದೆ ಅನ್ನುವ ಚಿಂತನೆಯೇ ಥಿಯಾಸಫಿ. 1911ರ ‘ಎವಲ್ಯೂಷನ್’ ಚಿತ್ರದಲ್ಲಿ ಮೂವರು ನೀಲಿ ಹೆಂಗಸರಿದ್ದಾರೆ. ನಡುವಿನವಳ ಕಣ್ಣು ಮಾತ್ರ ಅಗಲವಾಗಿ ತೆರೆದಿದೆ. ಥಿಯಾಸಫಿಯ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ, ಅಲ್ವಾ? ಆದರೆ ಹತ್ತೇ ವರ್ಷದಲ್ಲಿ ಮನುಷ್ಯರೂಪವೇ ಮಾಯವಾಗಿ ಅಡ್ಡ, ಉದ್ದ ಗೆರೆಗಳು, ಕೆಂಪು, ಹಳದಿ, ನೀಲಿ ಬಂದವು. ಆ ಗೆರೆಗಳಲ್ಲೂ ಹಳೆಯ ನಂಬಿಕೆ ಉಳಿಯಿತಾ? ನನ್ನ ಪ್ರಶ್ನೆ ಇದೇ. ಉಳಿದಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ.

ಅವನ ಬರಹಗಳಿಗಾಗಿ ಡಚ್ ಕಲಿಯುತ್ತಿದ್ದೇನೆ. ಥಿಯಾಸಫಿಕಲ್ ಸೊಸೈಟಿಯ ಜಾಗತಿಕ ಮುಖ್ಯ ಕೇಂದ್ರ ಚೆನ್ನೈನ ಅಡ್ಯಾರಿನಲ್ಲೇ ಇರುವುದರಿಂದ, ಮೊದಲು ಅಲ್ಲಿನ ಗ್ರಂಥಾಲಯಕ್ಕೆ ಹೋಗುತ್ತೇನೆ.